ಗಾಳಿ-ಮಳೆಗೆ ಲೈನ್ ಬಿದ್ದಾಗ: ಕರೆಂಟ್ ಮರಳಿ ಬರುವವರೆಗೆ ಹಂತ ಹಂತವಾಗಿ ಮಾಡಬೇಕಾದ ಕೆಲಸ

ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಕಂಬ ಉರುಳಿ ತಂತಿ ಹರಿಯಲು ಮುಂಗಾರು ಹಿಡಿಯುವವರೆಗೆ ಕಾಯಬೇಕಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಹಗಲೆಲ್ಲ ಕಾದ ನೆಲದ ಮೇಲೆ ಸಂಜೆಗೆ ಮೋಡ ಕಟ್ಟುತ್ತದೆ, ಮಳೆಗಿಂತ ಮೊದಲು ಗಾಳಿ ನುಗ್ಗುತ್ತದೆ. ಸಿಂಧನೂರು, ಗಂಗಾವತಿ, ಸಿರುಗುಪ್ಪದ ಕಡೆ ಬೇಸಿಗೆ ಭತ್ತದ ಕೊಯ್ಲು ನಡೆಯುವ ಹೊತ್ತೂ ಅದೇ. ಗದ್ದೆಯಲ್ಲಿ ಆಳು, ಟ್ರ್ಯಾಕ್ಟರ್, ಕೊಯ್ಲಿನ ಯಂತ್ರ, ದನ ಎಲ್ಲ ಇರುವಾಗಲೇ ತಂತಿ ನೆಲಕ್ಕೆ ಬೀಳುತ್ತದೆ.

ಶಕ್ತಿನಗರದಲ್ಲಿ 1,720 ಮೆಗಾವ್ಯಾಟ್, ಕುಡುತಿನಿಯಲ್ಲಿ 1,700, ಯರಮರಸ್‌ನಲ್ಲಿ 1,600 ಮೆಗಾವ್ಯಾಟ್ ಸಾಮರ್ಥ್ಯದ ಸ್ಥಾವರಗಳಿದ್ದೂ ಪಕ್ಕದ ಊರಿನಲ್ಲಿ ಕತ್ತಲೆ ಯಾಕೆ ಎಂದು ಜನ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು. ಆದರೆ ಆ ಸ್ಥಾವರಗಳ ಕರೆಂಟ್ ಹೊರಡುವುದು ದೊಡ್ಡ ಗೋಪುರಗಳ ಮೇಲಿನ 220, 400 ಕೆವಿ ಲೈನುಗಳಲ್ಲಿ. ಗಾಳಿಗೆ ಬೀಳುವುದು ಕೊನೆಯ ಕೆಲವು ಕಿಲೋಮೀಟರಿನ 11 ಕೆವಿ (11,000 ವೋಲ್ಟ್) ಲೈನು, ಟಿಸಿ ಎಂದು ಕರೆಯುವ ಟ್ರಾನ್ಸ್‌ಫಾರ್ಮರ್, ಮನೆಗೆ ಬರುವ ಕಡಿಮೆ ವೋಲ್ಟೇಜಿನ ಎಲ್‌ಟಿ ತಂತಿ. ಈ ಕೊನೆಯ ತುಂಡನ್ನು ಈ ಭಾಗದಲ್ಲಿ ನೋಡಿಕೊಳ್ಳುವುದು ಜೆಸ್ಕಾಂ ಎಂಬ ವಿದ್ಯುತ್ ಸರಬರಾಜು ಕಂಪನಿ.

ಕಂಬ ಹತ್ತುವುದು ಹೇಗೆ, ಫ್ಯೂಸ್ ಹಾಕುವುದು ಹೇಗೆ ಎಂಬುದು ಇಲ್ಲಿ ಸಿಗುವುದಿಲ್ಲ. ಅದು ತರಬೇತಿ ಪಡೆದ ಪವರ್‌ಮ್ಯಾನ್‌ಗಳ ಕೆಲಸ. ಊರಿನವರ ಪಾಲಿನ ಕೆಲಸ ಬೇರೆ ಇದೆ, ಅದೂ ಸಣ್ಣದಲ್ಲ: ಬಿದ್ದ ತಂತಿಯಿಂದ ಜನ-ದನ ಉಳಿಸುವುದು, ದೋಷ ಎಲ್ಲಿದೆ ಎಂದು ಗುರುತಿಸಿ ಸರಿಯಾಗಿ ತಿಳಿಸುವುದು, ಕರೆಂಟ್ ಮರಳಿದಾಗ ಟಿಸಿ ಮತ್ತೆ ಸುಡದಂತೆ ನೋಡಿಕೊಳ್ಳುವುದು.

ಹಂತ 1: ಬಿದ್ದ ತಂತಿಯಲ್ಲಿ ಕರೆಂಟ್ ಇಲ್ಲ ಎಂದು ನಂಬಬೇಡಿ

ಮನೆಯಲ್ಲಿ ದೀಪವಿಲ್ಲ, ಹೊಲದಲ್ಲಿ ತಂತಿ ಬಿದ್ದಿದೆ, ಅಂದಮೇಲೆ ಅದರಲ್ಲಿ ಕರೆಂಟ್ ಇರುವುದಿಲ್ಲ ಎಂಬ ಲೆಕ್ಕವೇ ಹೆಚ್ಚು ಜೀವ ತೆಗೆಯುವುದು. ಅದು ಯಾಕೆ ತಪ್ಪು ಎನ್ನುವುದನ್ನು ಮನೆಯ ಮಕ್ಕಳಿಗೂ ಹೇಳಿಕೊಡಬೇಕು.

ಮೊದಲನೇ ಕಾರಣ ಒಣ ನೆಲ. ವಿದ್ಯುತ್ ಸ್ಟೇಷನ್ನಿನ ಬ್ರೇಕರ್ (ದೋಷವಾದಾಗ ತಾನೇ ಲೈನ್ ಕಡಿಯುವ ಸ್ವಿಚ್) ಟ್ರಿಪ್ ಆಗಬೇಕಾದರೆ ತಂತಿಯಿಂದ ನೆಲಕ್ಕೆ ಸಾಕಷ್ಟು ಕರೆಂಟ್ ಹರಿಯಬೇಕು. ಬೇಸಿಗೆಯಲ್ಲಿ ಒಣಗಿದ ಮಸಾರಿ, ಕಲ್ಲುಹಾಸು, ಡಾಂಬರು ರಸ್ತೆ ಇವು ಕರೆಂಟನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. 11 ಕೆವಿ ತಂತಿ ಅಂಥ ಕಡೆ ಬಿದ್ದರೆ ಹರಿಯುವ ಕರೆಂಟ್, ದೋಷ ಗುರುತಿಸುವ ರಿಲೇಗೆ ತಿಳಿಯುವಷ್ಟು ಇರದೆ ಹೋಗಬಹುದು. ಆಗ ಲೈನ್ ಚಾಲೂ ಇರುತ್ತದೆ, ತಂತಿ ಕಿಡಿಯಿಲ್ಲದೆ ಸದ್ದಿಲ್ಲದೆ ಬಿದ್ದಿರುತ್ತದೆ. ಎಲ್‌ಟಿ ತಂತಿಯ ಲೆಕ್ಕ ನೋಡಿ: ತಾಗಿದ ನೆಲದ ತಡೆ 50 ಓಮ್ ಇದ್ದರೆ 230 ವೋಲ್ಟಿಗೆ ಹರಿಯುವುದು ನಾಲ್ಕೂವರೆ ಆಂಪಿಯರಿನಷ್ಟು. ಟಿಸಿಯ ಫ್ಯೂಸ್ ಹತ್ತಾರು ಆಂಪಿಯರ್ ತಾಳುವಂಥದ್ದು, ಇಷ್ಟಕ್ಕೆ ಅದು ಕರಗುವುದಿಲ್ಲ. ಮನುಷ್ಯನ ಎದೆಯ ಮೂಲಕ ಒಂದು ಆಂಪಿಯರಿನ ಹತ್ತನೇ ಒಂದು ಪಾಲು ಹರಿದರೂ ಹೃದಯ ನಿಲ್ಲಬಹುದು.

ಎರಡನೇ ಕಾರಣ ಟೆಸ್ಟ್ ಚಾರ್ಜ್. ಫೀಡರ್ (ಸ್ಟೇಷನ್ನಿನಿಂದ ಊರುಗಳಿಗೆ ಹೊರಡುವ 11 ಕೆವಿ ಲೈನ್) ಟ್ರಿಪ್ ಆದರೆ ಸ್ಟೇಷನ್ನಿನಲ್ಲಿರುವ ಆಪರೇಟರ್ ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಚಾರ್ಜ್ ಮಾಡಿ ನೋಡುತ್ತಾರೆ. ಗಾಳಿಗೆ ಎರಡು ತಂತಿ ಒಂದಕ್ಕೊಂದು ಬಡಿದು ಟ್ರಿಪ್ ಆಗಿದ್ದರೆ ಈ ಸಲ ಲೈನ್ ಟ್ರಿಪ್ ಆಗದೆ ಚಾಲೂ ಉಳಿಯುತ್ತದೆ, ಅದಕ್ಕಾಗಿ ಹಾಗೆ ಮಾಡುವುದು. ಅಂದರೆ ಈಗ ಕರೆಂಟಿಲ್ಲದ ತಂತಿಗೆ ಇನ್ನೈದು ನಿಮಿಷದಲ್ಲಿ 11,000 ವೋಲ್ಟ್ ಬರಬಹುದು, ಮುನ್ಸೂಚನೆ ಇಲ್ಲದೆ.

ಮೂರನೆಯದು ಹಿಂದಿನಿಂದ ಬರುವ ಕರೆಂಟ್. ಯಾರದೋ ಮನೆಯ ಜನರೇಟರ್, ಮದುವೆ ಮಂಟಪದ್ದೋ ರೈಸ್ ಮಿಲ್ಲಿನದೋ ಜನರೇಟರ್, ಅದನ್ನು ಹೊರಗಿನ ಲೈನಿನಿಂದ ಬೇರೆ ಮಾಡುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜೋಡಿಸಿದ್ದರೆ ಅದರ 230 ವೋಲ್ಟ್ ಎಲ್‌ಟಿ ಲೈನಿಗೆ ಹೋಗುತ್ತದೆ. ಅಲ್ಲಿಂದ ಟಿಸಿಯೊಳಗೆ ಹೊಕ್ಕು ಆ ಕಡೆ ಸಾವಿರಾರು ವೋಲ್ಟ್ ಆಗಿ ಹೊರಬರುತ್ತದೆ. ಎರಡು ಫೇಸ್ ಇದ್ದಾಗ ಕನ್ವರ್ಟರ್ ಹಾಕಿ ತ್ರೀ-ಫೇಸ್ ಮೋಟಾರ್ ಓಡಿಸುವ ರೂಢಿ ನಮ್ಮ ಕಡೆ ಬಹಳ. ಆ ಮೋಟಾರಿನಿಂದಲೂ ಕಡಿದ ಫೇಸಿನ ತಂತಿಗೆ ಕರೆಂಟ್ ಮರಳಿ ಹರಿಯುತ್ತದೆ.

ಹಾಗಾಗಿ ತಂತಿ ಬಿದ್ದದ್ದು ಕಂಡ ಕೂಡಲೇ ಕನಿಷ್ಠ 10 ಮೀಟರ್, ಅಂದರೆ ಮೂವತ್ತಮೂರು ಅಡಿ ದೂರ ನಿಲ್ಲಿ. ಮಳೆ ನೀರು ನಿಂತಿದ್ದರೆ, ಗದ್ದೆಯಲ್ಲಿ ನೀರಿದ್ದರೆ, ತಂತಿ ಬೇಲಿಗೆ ತಾಗಿದ್ದರೆ ಇನ್ನೂ ದೂರ. ಮುಳ್ಳುತಂತಿ ಬೇಲಿ ಕರೆಂಟನ್ನು ಹೊಲದ ಆಚೆ ಬದುವಿನವರೆಗೂ ಒಯ್ಯುತ್ತದೆ. ಇಬ್ಬರು ಎರಡೂ ಕಡೆ ನಿಂತು ದಾರಿ ತಡೆಯಿರಿ, ಕತ್ತಲಾದರೆ ಟಾರ್ಚ್ ಹಿಡಿಯಿರಿ.

ನೆಲಕ್ಕೆ ಇಳಿದ ಕರೆಂಟ್ ಸುತ್ತಲೂ ಹರಡುವಾಗ ತಂತಿಯ ಹತ್ತಿರ ವೋಲ್ಟೇಜ್ ಹೆಚ್ಚು, ದೂರ ಹೋದಂತೆ ಕಡಿಮೆ. ನಿಮ್ಮ ಒಂದು ಕಾಲು ಹತ್ತಿರ, ಇನ್ನೊಂದು ದೂರ ಇದ್ದರೆ ಆ ವ್ಯತ್ಯಾಸದ ವೋಲ್ಟೇಜ್ ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ. ಪಾದದಲ್ಲಿ ಜುಮ್ ಎಂದರೆ ಓಡಬೇಡಿ, ಉದ್ದ ಹೆಜ್ಜೆ ಇಡಬೇಡಿ. ಎರಡೂ ಪಾದ ಕೂಡಿಸಿ, ನೆಲ ಬಿಡದೆ ಇಂಚಿಂಚೇ ಸರಿಯುತ್ತ ಹಿಂದಕ್ಕೆ ಬನ್ನಿ. ಎತ್ತು, ಎಮ್ಮೆಗಳ ಮುಂಗಾಲು ಹಿಂಗಾಲಿನ ನಡುವೆ ಅಂತರ ಜಾಸ್ತಿ, ಅದಕ್ಕೇ ಮನುಷ್ಯ ಬದುಕಿದ ಜಾಗದಲ್ಲೂ ದನ ಸಾಯುತ್ತವೆ. ಸತ್ತು ಬಿದ್ದ ದನದ ಹತ್ತಿರ ಓಡಿಹೋಗಬೇಡಿ. ದನ ಎಲ್ಲಿ ಬಿದ್ದಿದೆಯೋ ಅಲ್ಲಿ ಕರೆಂಟ್ ಇದೆ ಎಂದೇ ಅರ್ಥ.

ಟ್ರ್ಯಾಕ್ಟರ್ ಅಥವಾ ಕೊಯ್ಲಿನ ಯಂತ್ರದ ಮೇಲೆ ತಂತಿ ಬಿದ್ದರೆ ಚಾಲಕ ಸೀಟಿನಲ್ಲೇ ಕೂತಿರಬೇಕು. ಗಾಡಿ ಹಿಂದೆ ಮುಂದೆ ಸರಿದು ತಂತಿಯಿಂದ ಬಿಡಿಸಿಕೊಳ್ಳಲು ಆದರೆ ಸರಿಯಲಿ, ಇಲ್ಲದಿದ್ದರೆ ಲೈನ್ ಬಂದ್ ಆದ ಖಾತ್ರಿ ಸಿಗುವವರೆಗೆ ಇಳಿಯುವುದು ಬೇಡ. ಬೆಂಕಿ ಹತ್ತಿ ಇಳಿಯಲೇಬೇಕಾದರೆ ಒಂದು ಕೈ ಗಾಡಿಗೆ, ಒಂದು ಕಾಲು ನೆಲಕ್ಕೆ ಎಂದೂ ಆಗಕೂಡದು. ಎರಡೂ ಕಾಲು ಜೋಡಿಸಿ ಪೂರ್ತಿ ಹೊರಕ್ಕೆ ಜಿಗಿದು, ಹಾಗೇ ಪಾದ ಕೂಡಿಸಿಕೊಂಡೇ ದೂರ ಸರಿಯಬೇಕು.

ಬಿದಿರಿನ ಗಳದಿಂದ ತಂತಿ ಸರಿಸುವ ಸಾಹಸ ಯಾರೂ ಮಾಡಬಾರದು. ಮಳೆಯಲ್ಲಿ ನೆಂದ ಗಳದಲ್ಲಿ ಕರೆಂಟ್ ಹರಿಯುತ್ತದೆ, 11 ಕೆವಿಗೆ ಒಣ ಗಳವೂ ನಂಬಿಕೆಯದ್ದಲ್ಲ. ಮನೆಯೊಳಗೆ ಯಾರಿಗಾದರೂ ಶಾಕ್ ಹೊಡೆದರೆ ಮೊದಲು ಮೇನ್ ಬಂದ್ ಮಾಡಿ, ಆಮೇಲೆ ಮುಟ್ಟಿ. ಹೊರಗೆ ಲೈನಿಗೆ ಸಿಕ್ಕಿಕೊಂಡಿದ್ದರೆ ಸ್ಟೇಷನ್ನಿನಿಂದ ಲೈನ್ ಬಂದ್ ಆಗಿದೆ ಎಂದು ಬಾಯಿಮಾತಲ್ಲಿ ಖಚಿತವಾಗುವವರೆಗೆ ಹತ್ತಿರ ಹೋಗುವಂತಿಲ್ಲ. ಇದನ್ನು ಬರೆಯಲು ಕೈ ನಡುಗುತ್ತದೆ, ಆದರೆ ಒಬ್ಬರನ್ನು ಬಿಡಿಸಲು ಹೋಗಿ ಅದೇ ಮನೆಯ ಇನ್ನಿಬ್ಬರು ಸಾಯುವುದು ಹೀಗೇ. ಬಿಡಿಸಿದ ಮೇಲೆ ಉಸಿರು ಇಲ್ಲದಿದ್ದರೆ 108ಕ್ಕೆ ಕರೆ ಮಾಡಿಸಿ, ಎದೆಯ ನಡುವೆ ಎರಡೂ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಿ. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ. ಮೈಯನ್ನು ಮಣ್ಣಿನಲ್ಲಿ ಹೂತರೆ ಕರೆಂಟ್ ಇಳಿಯುತ್ತದೆ ಎನ್ನುವುದು ಸುಳ್ಳು. ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ, ನಿಂತಿರುವುದು ಹೃದಯ.

ಹಂತ 2: ದೋಷ ಎಲ್ಲಿದೆ ಎಂದು ನೆಲದ ಮೇಲೆ ನಿಂತೇ ಗುರುತಿಸಿ

ಏನನ್ನೂ ಮುಟ್ಟದೆ, ದೀಪ ನೋಡಿಯೇ ಮುಕ್ಕಾಲು ಪಾಲು ದೋಷ ಪತ್ತೆ ಮಾಡಬಹುದು.

ನಿಮ್ಮ ಒಂದೇ ಮನೆಯಲ್ಲಿ ಕತ್ತಲೆಯಿದ್ದರೆ ಮೀಟರ್ ನೋಡಿ. ಮೀಟರಿನ ಅಂಕಿ ಕಾಣುತ್ತಿದ್ದರೆ ಕರೆಂಟ್ ಅಲ್ಲಿಯವರೆಗೆ ಬಂದಿದೆ, ದೋಷ ಮನೆಯೊಳಗಿನದು. ಎಂಸಿಬಿ (ಮನೆಯ ಬೋರ್ಡಿನಲ್ಲಿ ತಾನೇ ಬೀಳುವ ಸ್ವಿಚ್) ಬಿದ್ದಿರಬಹುದು, ಗೋಡೆ ನೆಂದಿರಬಹುದು. ಮೀಟರೇ ಸತ್ತಿದ್ದರೆ ಕಂಬದಿಂದ ಬರುವ ಸರ್ವೀಸ್ ವೈರಿನದು. ಪಕ್ಕದ ಓಣಿಯಲ್ಲಿ ಬೆಳಕಿದ್ದು ನಿಮ್ಮ ಟಿಸಿಯ ಮನೆಗಳಿಗೆಲ್ಲ ಇಲ್ಲದಿದ್ದರೆ ಟಿಸಿ ಹತ್ತಿರದ ದೋಷ. ಊರಿಗೂ ಪಕ್ಕದೂರಿಗೂ ಇಲ್ಲದಿದ್ದರೆ 11 ಕೆವಿ ಫೀಡರ್. ಹೋಬಳಿಯೇ ಕತ್ತಲಾದರೆ 33 ಕೆವಿ ಲೈನ್ ಅಥವಾ ಸ್ಟೇಷನ್, ಅಲ್ಲಿ ಊರಿನವರು ಹುಡುಕುವಂಥದ್ದು ಏನೂ ಇಲ್ಲ.

ಅರ್ಧಂಬರ್ಧ ಕರೆಂಟ್ ಬಂದಾಗ ಮಾತ್ರ ಹೆಚ್ಚು ಗಮನ ಬೇಕು. ಇದರಲ್ಲಿ ಮೂರು ಬಗೆ ಇದೆ, ಮೂರನ್ನೂ ಬೇರೆ ಬೇರೆ ಗುರುತಿಸಬಹುದು.

ಮೂರು ಫೇಸಿನಲ್ಲಿ ಒಂದರ ಮನೆಗಳು ಪೂರ್ತಿ ಕತ್ತಲೆ, ಉಳಿದ ಎರಡರ ಮನೆಗಳಲ್ಲಿ ಎಂದಿನ ಬೆಳಕು ಇದ್ದರೆ ಟಿಸಿಯ ಎಲ್‌ಟಿ ಫ್ಯೂಸ್ ಒಂದು ಹೋಗಿದೆ, ಇಲ್ಲವೇ ಕಂಬದ ಮೇಲೆ ತಂತಿಗೆ ತಂತಿ ಜೋಡಿಸುವ ಜಂಪ್ ಒಂದು ಬಿಟ್ಟಿದೆ.

ಒಂದು ಫೇಸಿನ ಮನೆಗಳಿಗೆ ಪೂರ್ತಿ ಬೆಳಕು, ಎರಡು ಫೇಸಿನ ಮನೆಗಳಲ್ಲಿ ಬಲ್ಬ್ ಮಂಕು, ಫ್ಯಾನ್ ತೆವಳುತ್ತಿದೆ ಎಂದರೆ ದೋಷ ಎಚ್‌ಟಿ, ಅಂದರೆ ಹೆಚ್ಚು ವೋಲ್ಟೇಜಿನ 11 ಕೆವಿ ಕಡೆಯದು. ಟಿಸಿಗೆ ಬರುವ ಮೂರು 11 ಕೆವಿ ತಂತಿಗಳಲ್ಲಿ ಒಂದು ತಪ್ಪಿದಾಗ ಒಂದು ಸುರುಳಿಗೆ ಪೂರ್ತಿ ವೋಲ್ಟೇಜ್ ಸಿಗುತ್ತದೆ, ಇನ್ನೆರಡು ಸುರುಳಿ ಉಳಿದದ್ದನ್ನು ಅರ್ಧರ್ಧ ಹಂಚಿಕೊಳ್ಳುತ್ತವೆ. ಅದಕ್ಕೇ ಎರಡು ಸಾಲಿಗೆ ಸುಮಾರು 115 ವೋಲ್ಟ್ ಬರುತ್ತದೆ. ದೂರದಿಂದಲೇ ಟಿಸಿ ಕಂಬದ ಮೇಲೆ ನೋಡಿ: ಡಿಒ (ಡ್ರಾಪ್-ಔಟ್) ಫ್ಯೂಸಿನ ಕೊಳವೆ ಒಂದು ಕೆಳಗೆ ಜೋತುಬಿದ್ದಿದ್ದರೆ ಅದೇ ಕಾರಣ. ಮೂರೂ ಸರಿಯಿದ್ದರೆ ಹಿಂದೆ ಎಲ್ಲೋ ಲೈನಿನಲ್ಲಿ ಒಂದು ತಂತಿ ಹರಿದಿದೆ. ಈ ಸುದ್ದಿ ತುಂಬಾ ಬೆಲೆಯುಳ್ಳದ್ದು. ಸ್ಟೇಷನ್ನಿನವರಿಗೆ ಫೀಡರ್ ಚಾಲೂ ಇರುವಂತೆಯೇ ಕಾಣುತ್ತಿರುತ್ತದೆ, ನೀವು ಹೇಳದಿದ್ದರೆ ಆ ತಂತಿ ಯಾರದೋ ಹೊಲದಲ್ಲಿ ಜೀವಂತ ಬಿದ್ದಿರುವುದು ಅವರಿಗೆ ಗೊತ್ತೇ ಆಗುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಕೆಲವು ಮನೆಗಳಲ್ಲಿ ಬಲ್ಬ್ ಕಣ್ಣು ಕುಕ್ಕುವಷ್ಟು ಉರಿಯುತ್ತದೆ, ಕೆಲವರಲ್ಲಿ ಮಂಕು, ಪಕ್ಕದವರು ಮಿಕ್ಸಿ ಹಾಕಿದರೆ ನಿಮ್ಮ ದೀಪ ಏರಿಳಿಯುತ್ತದೆ. ಇದು ನ್ಯೂಟ್ರಲ್ ಕಡಿದ ಲಕ್ಷಣ. ಬೇರೆ ಬೇರೆ ಫೇಸಿನ ಎರಡು ಮನೆಗಳು ಆಗ 400 ವೋಲ್ಟಿನ ನಡುವೆ ಸಾಲಾಗಿ ಸಿಕ್ಕಿಕೊಂಡಿರುತ್ತವೆ. ಕಡಿಮೆ ಲೋಡ್ ಇರುವ ಮನೆಗೆ ಹೆಚ್ಚು ವೋಲ್ಟೇಜ್ ಬಂದು ಟಿವಿ, ಫ್ರಿಜ್, ಚಾರ್ಜರ್ ನಿಮಿಷದಲ್ಲಿ ಸುಡುತ್ತವೆ. ಯೋಚಿಸುತ್ತ ನಿಲ್ಲಬೇಡಿ, ಮೇನ್ ಬಂದ್ ಮಾಡಿ, ಓಣಿಯಲ್ಲಿ ಕೂಗಿ ಎಲ್ಲರ ಮೇನ್ ಬಂದ್ ಮಾಡಿಸಿ, ಆಮೇಲೆ ಫೋನ್ ಮಾಡಿ.

ಮಳೆ ಜೋರಿಲ್ಲ, ಬರೀ ತುಂತುರಿಗೇ ಲೈನ್ ಯಾಕೆ ಹೋಯಿತು ಎಂದು ಸಂಡೂರು, ತೋರಣಗಲ್ಲು, ಗಿಣಿಗೇರಿ ಕಡೆಯವರು ಕೇಳುತ್ತಾರೆ. ಅದಿರಿನ ಧೂಳು, ಕಾರ್ಖಾನೆಯ ಮಸಿ ಬೇಸಿಗೆಯೆಲ್ಲ ಇನ್ಸುಲೇಟರ್ ಮೇಲೆ ಕೂತಿರುತ್ತದೆ. ಒಣಗಿದ್ದಾಗ ಅದು ನಿರುಪದ್ರವಿ. ಮೊದಲ ತುಂತುರಿಗೆ ನೆಂದು ಕೆಸರಿನ ಪದರವಾದಾಗ ಅದರ ಮೇಲೆಯೇ ಕರೆಂಟ್ ಹರಿದು ಕಿಡಿ ಹಾರುತ್ತದೆ, ಫೀಡರ್ ಬೀಳುತ್ತದೆ. ಜೋರು ಮಳೆ ಬಂದರೆ ತೊಳೆದು ಹೋಗುತ್ತದೆ. ಶಕ್ತಿನಗರದ ಸುತ್ತ ಹಾರುಬೂದಿಯೂ ಇದೇ ಕೆಲಸ ಮಾಡುತ್ತದೆ. ಕತ್ತಲಲ್ಲಿ ಯಾವ ಕಂಬದ ಮೇಲೆ ನೀಲಿ ಕಿಡಿ ಕಂಡಿತು, ಚಿರ್ ಎಂಬ ಸದ್ದು ಬಂತು ಎಂದು ನೋಡಿಟ್ಟುಕೊಂಡರೆ ಪವರ್‌ಮ್ಯಾನ್‌ಗೆ ಅರ್ಧ ರಾತ್ರಿಯ ಅಲೆದಾಟ ತಪ್ಪುತ್ತದೆ.

ಹಂತ 3: ಸರಿಯಾಗಿ ದೂರು ಕೊಡಿ

ಸಹಾಯವಾಣಿ 1912. ಗಾಳಿ ಬಂದ ಸಂಜೆ ಅದು ಬೇಗ ಸಿಗದೆ ಹೋಗಬಹುದು, ಹಾಗಾಗಿ ನಿಮ್ಮ ಸೆಕ್ಷನ್ ಕಚೇರಿ ಮತ್ತು 33 ಕೆವಿ ಸ್ಟೇಷನ್ನಿನ ನಂಬರ್ ಮೊದಲೇ ಬರೆದಿಟ್ಟಿರಿ. ಒಂದೇ ದೋಷಕ್ಕೆ ಇಡೀ ಊರು ಫೋನ್ ಮಾಡುವುದಕ್ಕಿಂತ ಇಬ್ಬರು ಪೂರ್ತಿ ವಿವರ ಕೊಟ್ಟು ದೂರಿನ ಸಂಖ್ಯೆ ಪಡೆಯುವುದು ಮೇಲು.

ಹೇಳಬೇಕಾದ್ದು: ಊರು, ಹತ್ತಿರದ ಗುರುತು, ಕಂಬದ ಅಥವಾ ಟಿಸಿಯ ಮೇಲೆ ಬರೆದ ಸಂಖ್ಯೆ, ಎಚ್‌ಟಿಯೋ ಎಲ್‌ಟಿಯೋ, ಏನಾಗಿದೆ, ಅಪಾಯ ಇದೆಯೇ. ಎಚ್‌ಟಿ-ಎಲ್‌ಟಿ ಗೊತ್ತಾಗದಿದ್ದರೆ ತಂತಿ ಎಣಿಸಿ. ಮೂರು ತಂತಿ, ದೊಡ್ಡ ಇನ್ಸುಲೇಟರ್ ಇದ್ದರೆ ಸಾಮಾನ್ಯವಾಗಿ 11 ಕೆವಿ. ನಾಲ್ಕೋ ಐದೋ ತಂತಿ, ಸಣ್ಣ ಇನ್ಸುಲೇಟರ್ ಇದ್ದರೆ ಎಲ್‌ಟಿ. ಊರಿಗೆ ದಿನವಿಡೀ ಕರೆಂಟ್ ಕೊಡುವ ನಿರಂತರ ಜ್ಯೋತಿ ಯೋಜನೆ ಬಂದಮೇಲೆ ಎಷ್ಟೋ ಕಡೆ ಊರಿನ ಫೀಡರ್ ಬೇರೆ, ಪಂಪ್‌ಸೆಟ್ಟಿನ ಐಪಿ ಫೀಡರ್ ಬೇರೆ ಆಗಿದೆ. ಯಾವುದೆಂದು ಹೇಳಿದರೆ ತಪ್ಪು ಲೈನ್ ಬಂದ್ ಮಾಡುವ ಅಪಾಯ ತಪ್ಪುತ್ತದೆ. ಮಾತು ಹೀಗಿದ್ದರೆ ಸಾಕು:

"ಸರ್, ಕಾರಟಗಿ ತಾಲ್ಲೂಕಿಂದ ಮಾತಾಡಾಕತ್ತೀನ್ರಿ. ನಮ್ಮೂರ ಹಳ್ಳದ ದಂಡಿಗೆ ಎಚ್‌ಟಿ ಕಂಬ ವಾಲೈತ್ರಿ, ಒಂದು ತಂತಿ ಹರಿದು ಗದ್ದ್ಯಾಗ ಬಿದ್ದೈತಿ. ಕಂಬದ ಮ್ಯಾಲೆ 47 ಅಂತ ಬರದೈತ್ರಿ. ಐಪಿ ಲೈನ್ ಅದು, ಊರಿನ ಲೈನ್ ಅಲ್ಲ. ನಾವಿಬ್ರು ದೂರ ನಿಂತು ಜನ-ದನ ತಡ್ಯಾಕತ್ತೀವಿ. ಮೊದ್ಲು ಲೈನ್ ಬಂದ್ ಮಾಡ್ಸ್ರಿ, ಬಂದ್ ಆದಮ್ಯಾಲೆ ಹೇಳ್ರಿ."

ಫೋಟೋ ಕಳಿಸುವಂತಿದ್ದರೆ ದೂರದಿಂದ ಜೂಮ್ ಮಾಡಿ ತೆಗೆಯಿರಿ. ಫೋಟೋಗಾಗಿ ಒಂದು ಹೆಜ್ಜೆಯೂ ಮುಂದೆ ಹೋಗಬೇಡಿ.

ಹಂತ 4: ಕಾಯುವಾಗ ಲೈನಿನಲ್ಲಿ ಏನು ನಡೆಯುತ್ತದೆ ಎಂದು ತಿಳಿದಿರಲಿ

ಪಕ್ಕದೂರಿಗೆ ಕರೆಂಟ್ ಬಂತು, ನಮಗೆ ಯಾಕಿಲ್ಲ ಎಂದು ಜಗಳ ಶುರುವಾಗುವುದು ಇಲ್ಲಿ. ಕಾರಣ ಬಹಳ ಸಲ ತಾರತಮ್ಯವಲ್ಲ, ಹುಡುಕುವ ಕ್ರಮ. ಫೀಡರ್ ಟ್ರಿಪ್ ಆದಾಗ ರಿಲೇ ಒಂದು ಸುಳಿವು ಕೊಡುತ್ತದೆ. ಓವರ್ ಕರೆಂಟ್ ಎಂದು ತೋರಿಸಿದರೆ ತಂತಿಗಳು ಒಂದಕ್ಕೊಂದು ತಾಗಿವೆ, ಅರ್ತ್ ಫಾಲ್ಟ್ ಎಂದರೆ ತಂತಿ ನೆಲಕ್ಕೋ ಮರಕ್ಕೋ ಕಂಬಕ್ಕೋ ಮುಟ್ಟಿದೆ. ಎಲ್ಲಿ ಎಂದು ಅದು ಹೇಳುವುದಿಲ್ಲ. ಆಗ ನಡುದಾರಿಯಲ್ಲಿ ಲೈನ್ ಕಡಿಯಲು ಇರುವ ಜಿಒಎಸ್ ಸ್ವಿಚ್ ತೆಗೆದು ಮೊದಲರ್ಧ ಚಾರ್ಜ್ ಮಾಡುತ್ತಾರೆ. ಟ್ರಿಪ್ ಆಗದೆ ಚಾಲೂ ಉಳಿದರೆ ದೋಷ ಎರಡನೇ ಅರ್ಧದಲ್ಲಿದೆ. ಅದನ್ನು ಮತ್ತೆ ಇಬ್ಭಾಗ ಮಾಡಿ ಹುಡುಕುತ್ತಾರೆ. ಹೀಗೆ ಸರಿಯಿರುವ ಭಾಗಕ್ಕೆ ಕರೆಂಟ್ ಮೊದಲು ಬರುತ್ತದೆ, ದೋಷವಿರುವ ಭಾಗ ಕೊನೆಗೆ ಉಳಿಯುತ್ತದೆ.

ದೋಷ ಸಿಕ್ಕಮೇಲೆ ಎಲ್‌ಸಿ ತೆಗೆದುಕೊಳ್ಳಬೇಕು. ಲೈನ್ ಕ್ಲಿಯರ್ ಎಂಬ ಈ ಪರವಾನಗಿ ಒಬ್ಬರ ಹೆಸರಿನಲ್ಲಿ ಬರೆಯುವಂಥದ್ದು. ಸ್ಟೇಷನ್ನಿನಲ್ಲಿ ಬ್ರೇಕರ್, ಐಸೋಲೇಟರ್ ತೆಗೆದು, ಲೈನಿನ ಮೇಲೆ ಜನ ಇದ್ದಾರೆ ಎಂಬ ಫಲಕ ಹಾಕುತ್ತಾರೆ. ಕೆಲಸದ ಜಾಗದಲ್ಲಿ ಕರೆಂಟ್ ಇಲ್ಲವೆಂದು ಪರೀಕ್ಷಿಸಿ, ಎರಡೂ ಕಡೆ ತಂತಿಯನ್ನು ನೆಲಕ್ಕೆ ಜೋಡಿಸುವ ಅರ್ತಿಂಗ್ ರಾಡ್ ಹಾಕಿದ ಮೇಲಷ್ಟೇ ಕಂಬ ಹತ್ತಬೇಕು. ಜಿಒಎಸ್ ಹಿಡಿಕೆ ಕೆಳಗೆ ಎಳೆದಾಕ್ಷಣ ಲೈನ್ ಸತ್ತಿತು ಎಂದಲ್ಲ. ಮೂರು ಬ್ಲೇಡುಗಳಲ್ಲಿ ತುಕ್ಕು ಹಿಡಿದ ಒಂದು ಬಿಡದೇ ಉಳಿಯುವುದುಂಟು. ಅರ್ತಿಂಗ್ ರಾಡ್ ಇದ್ದರೆ ಯಾವ ಮೂಲೆಯಿಂದ ಕರೆಂಟ್ ನುಗ್ಗಿದರೂ ಕಂಬದ ಮೇಲಿರುವವರು ಉಳಿಯುತ್ತಾರೆ.

ಎಲ್‌ಸಿ ಪಡೆದವರೇ ಅದನ್ನು ವಾಪಸ್ ಕೊಡುವವರೆಗೆ ಲೈನ್ ಚಾರ್ಜ್ ಆಗಕೂಡದು. ಆದ್ದರಿಂದ ಸ್ಟೇಷನ್ನಿಗೆ ಫೋನ್ ಮಾಡಿ, ನಾಯಕರಿಂದ ಹೇಳಿಸಿ, ಬೇಗ ಕೊಡಿ ಎಂದು ಒತ್ತಡ ತರುವುದು ತೀರಾ ತಪ್ಪು. ಆ ಒತ್ತಡಕ್ಕೆ ಒಂದು ಹೆಜ್ಜೆ ಬಿಟ್ಟರೆ ಸಾಯುವುದು ಕಂಬದ ಮೇಲಿನ ಪವರ್‌ಮ್ಯಾನ್. ಅವರು ಅರ್ತಿಂಗ್ ರಾಡ್ ಹಾಕದೆ ಹತ್ತುತ್ತಿರುವುದು ಕಂಡರೆ ಊರಿನವರೇ ತಡೆದು ಕೇಳಬೇಕು: "ಅಣ್ಣ, ರಾಡ್ ಹಾಕ್ಕೊಂಡು ಹತ್ತಪ್ಪ, ಅರ್ಧ ತಾಸು ತಡ ಆದ್ರೂ ನಡೀತೈತಿ."

ಕಂಬ ಮುರಿದಿದ್ದರೆ ಹೊತ್ತು ಹಿಡಿಯುತ್ತದೆ. ಮುರಿದ ಸಿಮೆಂಟ್ ಕಂಬ ಜೋಡಿಸಲು ಬರುವುದಿಲ್ಲ, ಹೊಸದೇ ಬೇಕು. ಉದ್ದದ ಆರನೇ ಒಂದು ಪಾಲು ನೆಲದೊಳಗೆ ಹೋಗಬೇಕು, ಒಂಬತ್ತು ಮೀಟರ್ ಕಂಬಕ್ಕೆ ಒಂದೂವರೆ ಮೀಟರ್ ಗುಂಡಿ. ನಮ್ಮ ಎರೆ ಭೂಮಿಯಲ್ಲಿ ಮಳೆಯಾದ ಮೇಲೆ ಗುಂಡಿಯಲ್ಲಿ ನೀರು ತುಂಬುತ್ತದೆ, ಬದಿ ಕುಸಿಯುತ್ತದೆ, ಕಂಬ ಹೊತ್ತ ಗಾಡಿ ಹೊಲಕ್ಕೆ ಇಳಿಯುವುದೇ ಇಲ್ಲ. ಎರೆ ಮಣ್ಣು ನೆಂದಾಗ ಉಬ್ಬಿ, ಒಣಗಿದಾಗ ಬಿರಿಯುವುದರಿಂದ ಬರೀ ಮಣ್ಣು ತುಂಬಿ ನಿಲ್ಲಿಸಿದ ಕಂಬ ಮುಂದಿನ ವರ್ಷಕ್ಕೆ ಮತ್ತೆ ವಾಲುತ್ತದೆ, ಬುಡಕ್ಕೆ ಕಲ್ಲು ಅಥವಾ ಕಾಂಕ್ರೀಟ್ ಬೇಕು. ಊರಿನವರು ನಿಜವಾಗಿ ನೆರವಾಗುವುದು ಇಲ್ಲಿ. ಗಟ್ಟಿ ದಾರಿ ತೋರಿಸಿ, ಟ್ರ್ಯಾಕ್ಟರ್ ಕೊಡಿ, ಬದುವಿನಲ್ಲಿ ಕಲ್ಲಿದ್ದರೆ ಒದಗಿಸಿ, ಬೆಳೆಯಲ್ಲಿ ಹಾದು ಹೋಗಲು ಅನುಮತಿ ಕೊಡಿ. ಲೈನ್ ಎಳೆಯುವಾಗ ತಂತಿ ಹಿಡಿಯಲು ಮಾತ್ರ ಮುಂದಾಗಬೇಡಿ.

ಹಂತ 5: ಕರೆಂಟ್ ಬರುವ ಮುನ್ನ ಸ್ಟಾರ್ಟರ್ ಬಂದ್ ಮಾಡಿ

ಐದು ಎಚ್‌ಪಿ ಮೋಟಾರ್ ಓಡುವಾಗ ಎಳೆಯುವುದು ಏಳೆಂಟು ಆಂಪಿಯರ್, ಹೊರಡುವ ಕ್ಷಣದಲ್ಲಿ ಅದರ ಐದಾರು ಪಟ್ಟು. 63 ಕೆವಿಎ ಟಿಸಿ ಪೂರ್ತಿ ಲೋಡಿನಲ್ಲಿ ಕೊಡಬಲ್ಲದ್ದು ಫೇಸಿಗೆ 84 ಆಂಪಿಯರ್. ಹತ್ತು ಪಂಪ್ ಸುಮ್ಮನೆ ಓಡಿದರೇ ಅದು ತುಂಬಿತು. ಹತ್ತೂ ಮಂದಿ ಆಟೋ ಸ್ಟಾರ್ಟರ್ ಹಾಕಿಟ್ಟಿದ್ದರೆ ಕರೆಂಟ್ ಬಂದ ಕ್ಷಣಕ್ಕೆ ಎಲ್ಲ ಒಟ್ಟಿಗೆ ಎದ್ದು ನಾನೂರು ಆಂಪಿಯರ್ ದಾಟುತ್ತದೆ. ಫ್ಯೂಸ್ ಹಾರಿದರೆ ಪುಣ್ಯ. ಫ್ಯೂಸ್ ಜಾಗದಲ್ಲಿ ಯಾರೋ ದಪ್ಪ ತಂತಿ ಕಟ್ಟಿದ್ದರೆ ಟಿಸಿಯೇ ಹೋಗುತ್ತದೆ.

ಪಂಪ್‌ಸೆಟ್ಟಿಗೆ ದಿನಕ್ಕೆ ಏಳು ತಾಸಿನ ತ್ರೀ-ಫೇಸ್, ಅದರಲ್ಲೂ ಎರಡು ದಿನ ಕಳೆದು ಬಂದಿದೆ, ಗದ್ದೆ ಒಣಗುತ್ತಿದೆ ಎಂದರೆ ಯಾರೂ ಹಿಂದೆ ನಿಲ್ಲಲು ಒಪ್ಪುವುದಿಲ್ಲ ಎಂಬುದು ಗೊತ್ತು. ಆದರೂ ಒಂದು ಟಿಸಿಯ ರೈತರು ಒಂದು ವಾಟ್ಸಾಪ್ ಗುಂಪು ಮಾಡಿಕೊಂಡು, ಆಟೋ ಬಂದ್ ಇಟ್ಟು, ಎರಡೆರಡು ನಿಮಿಷ ಬಿಟ್ಟು ಸರದಿಯಲ್ಲಿ ಮೋಟಾರ್ ಎಬ್ಬಿಸಿದರೆ ಕಳೆದುಕೊಳ್ಳುವುದು ಅರ್ಧ ಗಂಟೆ. ಟಿಸಿ ಸುಟ್ಟರೆ ಕಳೆದುಕೊಳ್ಳುವುದು ದಿನಗಟ್ಟಲೆ ನೀರು. ಮನೆಗಳಲ್ಲೂ ಫ್ರಿಜ್, ಮೋಟಾರ್, ಹೀಟರ್ ಬಂದ್ ಮಾಡಿ ಒಂದು ಬಲ್ಬ್ ಮಾತ್ರ ಆನ್ ಇಟ್ಟಿರಿ.

ಹಂತ 6: ಬಂದ ಮೇಲೆ ನೋಡಬೇಕಾದ್ದು

ಬಲ್ಬ್ ಎಂದಿನಂತೆ ಉರಿಯುತ್ತಿದೆಯೇ ಎಂದು ಐದು ನಿಮಿಷ ನೋಡಿ, ಆಮೇಲೆ ಒಂದೊಂದೇ ಹಾಕಿ. ಪಂಪಿನ ಸ್ಟಾರ್ಟರಿನಲ್ಲಿ ವೋಲ್ಟ್ ಮೀಟರ್ ಇದ್ದರೆ ಮೂರು ಜೋಡಿಗೂ 390ರಿಂದ 440ರೊಳಗೆ ಇರಬೇಕು. ಒಂದು ಜೋಡಿ ಬಹಳ ಇಳಿದಿದ್ದರೆ ಮೋಟಾರ್ ಮುಟ್ಟಬೇಡಿ. ಮೋಟಾರ್ ತಿರುಗದೆ ಗುಂಯ್‌ಗುಟ್ಟಿದರೆ ತಕ್ಷಣ ಬಂದ್ ಮಾಡಿ, ಒಂದು ಫೇಸ್ ಇಲ್ಲ.

ಬಹಳ ಜನ ಮರೆಯುವ ಸಂಗತಿ ಒಂದಿದೆ. ತಂತಿ ಮತ್ತೆ ಎಳೆದು ಕಟ್ಟುವಾಗ ಎರಡು ಫೇಸ್ ಅದಲುಬದಲಾದರೆ ಮೋಟಾರ್ ಉಲ್ಟಾ ತಿರುಗುತ್ತದೆ. ಕೊಳವೆಬಾವಿಯಲ್ಲಿ ಅದು ಕಣ್ಣಿಗೆ ಕಾಣುವುದಿಲ್ಲ, ನೀರು ಕಡಿಮೆ ಬರುತ್ತದೆ ಅಷ್ಟೇ. ಬಾವಿ ಬತ್ತಿತು ಎಂದು ಚಿಂತೆ ಮಾಡಿ ಪಂಪ್ ಎತ್ತಿಸಲು ಹೋಗಬೇಡಿ, ಮೊದಲು ಎಲೆಕ್ಟ್ರಿಶಿಯನ್ನನ್ನು ಕರೆಸಿ ಫೇಸ್ ಸರಿ ಮಾಡಿಸಿ ನೋಡಿ. ಹಿಟ್ಟಿನ ಗಿರಣಿ, ಮೇವು ಕತ್ತರಿಸುವ ಯಂತ್ರಗಳನ್ನೂ ಬೆಲ್ಟ್ ಬಿಚ್ಚಿ ಒಮ್ಮೆ ತಿರುಗಿಸಿ ನೋಡಿದ ಮೇಲೆಯೇ ಕೆಲಸಕ್ಕೆ ಹಚ್ಚಿ.

ತುಂಗಭದ್ರೆ, ಕೃಷ್ಣೆಯ ದಂಡೆಯಲ್ಲಿ ಪಂಪ್ ಇಟ್ಟವರಿಗೆ ಹೊಳೆ ಏರಿದಾಗ ಬೇರೆ ಕಷ್ಟ. 2009ರ ಅಕ್ಟೋಬರ್ ಪ್ರವಾಹ ನೋಡಿದವರಿಗೆ ಹೇಳಬೇಕಿಲ್ಲ. ಮುಳುಗಿದ ಮೋಟಾರು, ಸ್ಟಾರ್ಟರ್ ಪೆಟ್ಟಿಗೆಯನ್ನು ನೀರಿಳಿದ ಕೂಡಲೇ ಚಾಲೂ ಮಾಡಬೇಡಿ. ಕೆಸರನ್ನು ಒಳ್ಳೆ ನೀರಿನಿಂದ ತೊಳೆದು, ಬಿಚ್ಚಿ ಒಣಗಿಸಿ, ಎಲೆಕ್ಟ್ರಿಶಿಯನ್ ಬಳಿ ತಡೆ ಅಳೆಯುವ 500 ವೋಲ್ಟ್ ಮೆಗ್ಗರ್ ಹಾಕಿಸಿ. ಮೋಟಾರಿನೊಳಗಿನ ತಂತಿ ಸುತ್ತಿಗೂ ಹೊರಮೈಗೂ ನಡುವೆ ಕನಿಷ್ಠ 1 ಮೆಗಾಓಮ್ ತೋರಿಸದಿದ್ದರೆ ಇನ್ನೂ ಒಣಗಬೇಕು.

ಹಂತ 7: ಟಿಸಿ ಸುಟ್ಟಿದ್ದರೆ

ಟಿಸಿಯ ಸಂಖ್ಯೆ, ಸುಟ್ಟ ದಿನಾಂಕ, ವೇಳೆ ಬರೆದು ಸೆಕ್ಷನ್ ಕಚೇರಿಗೆ ಲಿಖಿತವಾಗಿ ಕೊಡಿ, ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಸೇವಾ ಮಾನದಂಡದ ಪ್ರಕಾರ ಬದಲಿಸಲು ನಗರ-ಪಟ್ಟಣಗಳಲ್ಲಿ 24 ಗಂಟೆ, ಗ್ರಾಮೀಣ ಭಾಗದಲ್ಲಿ 72 ಗಂಟೆಗಳ ಗಡುವಿದೆ. ಸಾಗಿಸುವ ಖರ್ಚಿಗೆಂದು ಯಾರಾದರೂ ಹಣ ಕೇಳಿದರೆ ರಸೀದಿ ಕೇಳಿ. ಗಡುವು ಮೀರಿದರೆ ಉಪವಿಭಾಗದ ಎಇಇ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್), ನಂತರ ವಿಭಾಗದ ಇಇ (ಕಾರ್ಯನಿರ್ವಾಹಕ ಎಂಜಿನಿಯರ್), ಅದೂ ಆಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ. ದೂರಿನ ಸಂಖ್ಯೆ, ದಿನಾಂಕ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ. ಹೊಸ ಟಿಸಿ ಬಂದಾಗ ಹಳೆಯದು ಯಾಕೆ ಸುಟ್ಟಿತು ಎಂದು ಕೇಳಿ. ಲೋಡ್ ಹೆಚ್ಚಿದ್ದರೆ ಅಷ್ಟೇ ಸಾಮರ್ಥ್ಯದ್ದು ಮತ್ತೆ ಕೂರಿಸುವುದರಲ್ಲಿ ಅರ್ಥವಿಲ್ಲ, ಹೆಚ್ಚಿನದಕ್ಕೆ ಅರ್ಜಿ ಕೊಡಿ. ಸಿಡಿಲಿಗೆ ಹೋಗಿದ್ದರೆ ಸಿಡಿಲನ್ನು ನೆಲಕ್ಕೆ ಇಳಿಸುವ ಲೈಟ್ನಿಂಗ್ ಅರೆಸ್ಟರ್ ಮತ್ತು ಅರ್ತಿಂಗ್ ಸರಿಯಿದೆಯೇ ಎಂದು ಎದುರಿಗೇ ಪರೀಕ್ಷೆ ಮಾಡಿಸಿ.

ಹಂತ 8: ಜೀವ ಹಾನಿಯಾಗಿದ್ದರೆ

ಪೊಲೀಸರಿಗೂ ಜೆಸ್ಕಾಂಗೂ ತಕ್ಷಣ ತಿಳಿಸಿ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 161ನೇ ಕಲಂ ಪ್ರಕಾರ ಇಂಥ ಅಪಘಾತವನ್ನು ವಿದ್ಯುತ್ ಪರಿವೀಕ್ಷಕರ ಗಮನಕ್ಕೆ ತರಬೇಕು, ತನಿಖೆಗೂ ಅದರಲ್ಲಿ ಅವಕಾಶವಿದೆ. ಲೈನ್ ಬಂದ್ ಆದ ಮೇಲೂ ಹರಿದ ತಂತಿ, ಮುರಿದ ಕಂಬವನ್ನು ಸ್ಥಳ ಪರಿಶೀಲನೆಗೆ ಮೊದಲು ಬೇರೆಡೆ ಸಾಗಿಸಲು ಬಿಡಬೇಡಿ, ಫೋಟೋ ತೆಗೆದಿಡಿ. ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿ ಇಲ್ಲದೆ ಪರಿಹಾರದ ಅರ್ಜಿ ಮುಂದೆ ಹೋಗುವುದಿಲ್ಲ. ಎತ್ತು, ಎಮ್ಮೆ ಸತ್ತರೆ ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿದ ಮೇಲೆಯೇ ಹೂಳಿ. ದುಃಖದಲ್ಲಿರುವ ಮನೆಯವರಿಗೆ ಈ ಕಾಗದಗಳ ಚಿಂತೆ ಮಾಡಲು ಆಗುವುದಿಲ್ಲ, ನೆರೆಯವರು ಹೊಣೆ ಹೊರಬೇಕು.

ಹಂತ 9: ಮುಂದಿನ ಗಾಳಿಗೆ ಮುಂಚೆ

ಮಾರ್ಚ್ ತಿಂಗಳಲ್ಲಿ ನಿಮ್ಮ ಲೈನಿನ ಉದ್ದಕ್ಕೂ ಒಮ್ಮೆ ನಡೆದು ನೋಡಿ. ಹಳ್ಳದ ಬದಿಯಲ್ಲಿ, ರಸ್ತೆ ಅಂಚಿನಲ್ಲಿ ಬಳ್ಳಾರಿ ಜಾಲಿ ಬೆಳೆದು ತಂತಿ ಮುಟ್ಟಿರುವುದು ಮೊದಲು ಕಣ್ಣಿಗೆ ಬೀಳುತ್ತದೆ. ಬೇವಿನ ಟೊಂಗೆ ಗಾಳಿಗೆ ಸುಲಭಕ್ಕೆ ಸಿಗಿಯುತ್ತದೆ. ಎರಡನ್ನೂ ಎಲ್‌ಸಿ ತೆಗೆದುಕೊಂಡೇ ಕಡಿಸಬೇಕು. ವಾಲಿದ ಕಂಬ, ಕಂಬವನ್ನು ಎಳೆದು ಹಿಡಿಯುವ ಸ್ಟೇ ವೈರ್ ಸಡಿಲವಾದದ್ದು, ಬಿರಿದ ಇನ್ಸುಲೇಟರ್, ಧೂಳು ಮೆತ್ತಿದ ಕಂಬಗಳ ಸಂಖ್ಯೆ ಬರೆದುಕೊಳ್ಳಿ. ಹೊಲದ ಮೇಲೆ ಹಾದುಹೋಗುವ ಬರಿ ತಂತಿ ನೆಲದಿಂದ ಕನಿಷ್ಠ 4.6 ಮೀಟರ್, ರಸ್ತೆ ದಾಟುವ ಕಡೆ ಎಲ್‌ಟಿ 5.8 ಮೀಟರ್, 11 ಕೆವಿ 6.1 ಮೀಟರ್ ಎತ್ತರ ಇರಬೇಕೆಂಬ ನಿಯಮವಿದೆ. ಕೋಲು ಹಿಡಿದು ಅಳೆಯಬೇಡಿ. ಕೊಯ್ಲಿನ ಯಂತ್ರದ ಮೇಲೆ ಒಬ್ಬ ನಿಂತರೆ ತಾಗುವಂತಿದೆ ಅನಿಸಿದರೆ ಬರೆದುಕೊಳ್ಳಿ, ಸಾಕು. ಸ್ಟೇ ವೈರಿಗೆ ದನ ಕಟ್ಟುವುದು, ಬಟ್ಟೆ ಒಣಹಾಕುವುದು ಇವತ್ತೇ ನಿಲ್ಲಲಿ. ಮನೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಬಂದ್ ಆಗುವ ಸ್ವಿಚ್) ಹಾಕಿಸಿ. ಸಿಡಿಲಿನ ಮುನ್ಸೂಚನೆಗೆ ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ರೂಪಿಸಿದ ದಾಮಿನಿ ಆ್ಯಪ್ ಫೋನಿನಲ್ಲಿರಲಿ.

ಬರೆದುಕೊಂಡ ಪಟ್ಟಿಯನ್ನು ಗ್ರಾಮ ಪಂಚಾಯಿತಿಯ ಮೂಲಕ ಸೆಕ್ಷನ್ ಕಚೇರಿಗೆ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಂಡ ಪ್ರತಿಯನ್ನು ಪಂಚಾಯಿತಿಯಲ್ಲಿ ಇಡಿ. ಏಪ್ರಿಲ್ ಮೊದಲ ವಾರ ಅದೇ ಪಟ್ಟಿ ಹಿಡಿದು ಮತ್ತೊಮ್ಮೆ ಲೈನ್ ನೋಡಿ, ಆಗದೇ ಉಳಿದ ಕೆಲಸಗಳನ್ನು ಗುರುತು ಹಾಕಿ ಈ ಸಲ ಉಪವಿಭಾಗದ ಎಇಇಗೆ ಕೊಡಿ.